ಮರಳಿ ಬಾರದ ವಿಮಾನಗಳ ಲೆಕ್ಕ: ಗಣಿತಜ್ಞ ಅಬ್ರಹಾಂ ವಾಲ್ಡ್

ಯುದ್ಧಕ್ಕೆ ಹೋದ ವಿಮಾನವು ಗುಂಡಿನ ಗಾಯಗಳೊಡನೆ ಮರಳಿ ನೆಲಕ್ಕಿಳಿದರೆ ಆ ಗಾಯಗಳನ್ನು ಎಣಿಸಬಹುದು. ಅವು ಎಲ್ಲಿವೆಯೆಂದು ನಕ್ಷೆ ಬರೆದು ಗುರುತಿಸಬಹುದು. ಮರಳಿ ಬಾರದ ವಿಮಾನಕ್ಕೆ ಎಲ್ಲಿ ಗಾಯವಾಯಿತೆಂಬುದನ್ನು ಹೇಳುವವರು ಯಾರು? ಅದು ಶತ್ರುವಿನ ನೆಲದಲ್ಲಿಯೋ ಸಮುದ್ರದ ತಳದಲ್ಲಿಯೋ ಬಿದ್ದಿರುತ್ತದೆ. ಆದರೆ ವಿಮಾನವನ್ನು ಭದ್ರಪಡಿಸಬೇಕೆನ್ನುವವನಿಗೆ ಎಲ್ಲಕ್ಕಿಂತ ಹೆಚ್ಚಾಗಿ ಬೇಕಾದ ಸಾಕ್ಷ್ಯವಿರುವುದು ಆ ಬಾರದ ವಿಮಾನದಲ್ಲಿಯೇ. ಕೈಗೆ ಸಿಕ್ಕದ ಸಾಕ್ಷ್ಯವನ್ನು ಕೈಗೆ ಸಿಕ್ಕಿದುದರಿಂದ ಊಹಿಸಿಕೊಳ್ಳಬೇಕು. ಆ ಊಹೆಯೂ ಬರಿಯ ಊಹೆಯಾಗಿರದೆ ಲೆಕ್ಕಕ್ಕೆ ನಿಲ್ಲುವಂತಿರಬೇಕು.

ಎರಡನೆಯ ಮಹಾಯುದ್ಧದ ನಡುವೆ, 1943ರಲ್ಲಿ, ನ್ಯೂಯಾರ್ಕ್ ನಗರದಲ್ಲಿ ಗಣಿತಜ್ಞನೊಬ್ಬನು ಈ ಸಮಸ್ಯೆಯನ್ನು ಕೈಗೆತ್ತಿಕೊಂಡನು. ಆತನು ವೈಮಾನಿಕನಲ್ಲ, ವಿಮಾನ ಕಟ್ಟುವ ಎಂಜಿನಿಯರನೂ ಅಲ್ಲ. ರೇಖಾಗಣಿತದಲ್ಲಿ ಪಳಗಿ, ಕಾಲದ ಒತ್ತಡದಿಂದ ಸಂಖ್ಯಾಶಾಸ್ತ್ರಕ್ಕೆ ಬಂದವನು. ಅಬ್ರಹಾಂ ವಾಲ್ಡ್ ಎಂಬುದು ಆತನ ಹೆಸರು. ಹೊಡೆತ ತಿಂದ ವಿಮಾನವು ಎಷ್ಟರ ಮಟ್ಟಿಗೆ ತಾಳಿಕೊಳ್ಳಬಲ್ಲುದೆಂಬುದನ್ನು ಅಳೆಯುವ ಮಾರ್ಗವನ್ನು ತೋರಿಸಿಕೊಟ್ಟ ಈ ಮಹನೀಯನು, ಏಳು ವರ್ಷಗಳ ತರುವಾಯ, ನಮ್ಮ ನಾಡಿನ ದಕ್ಷಿಣದ ಅಂಚಿಗೆ ತಾಗಿ ನಿಂತಿರುವ ನೀಲಗಿರಿಯ ಬೆಟ್ಟಗಳಲ್ಲಿ ವಿಮಾನಾಪಘಾತಕ್ಕೆ ಸಿಕ್ಕಿ ಮಡಿದನು. ಆತನ ಬಾಳು ನಲವತ್ತೆಂಟು ವರ್ಷಗಳ ಬಾಳು. ಆ ಅಲ್ಪಾವಧಿಯಲ್ಲಿ ಆತನು ಮಾಡಿದ ಕೆಲಸವನ್ನು ವಿಜ್ಞಾನದ ವಿದ್ಯಾರ್ಥಿಗಳು ಮಾತ್ರವಲ್ಲ, ವಿಚಾರಶೀಲರಾದ ಎಲ್ಲರೂ ಅರಿಯಬೇಕಾದುದುಂಟು.

ಮನೆಯೇ ಪಾಠಶಾಲೆ

ವಾಲ್ಡನು ಹುಟ್ಟಿದುದು 1902ನೆಯ ಅಕ್ಟೋಬರ್ 31ರಂದು, ಟ್ರಾನ್ಸಿಲ್ವೇನಿಯ ಪ್ರಾಂತದ ಕೊಲೊಜ್ವಾರ್ ಎಂಬ ಪಟ್ಟಣದಲ್ಲಿ. ಆಗ ಅದು ಆಸ್ಟ್ರಿಯ-ಹಂಗೆರಿ ಚಕ್ರಾಧಿಪತ್ಯಕ್ಕೆ ಸೇರಿತ್ತು. ಮೊದಲನೆಯ ಮಹಾಯುದ್ಧದಲ್ಲಿ ಆ ಚಕ್ರಾಧಿಪತ್ಯವು ಒಡೆದು ಚೂರಾದ ಮೇಲೆ ಊರು ರುಮೇನಿಯದ ಪಾಲಾಯಿತು. ಅದರ ಹೆಸರೂ ಕ್ಲೂಜ್ ಎಂದು ಬದಲಾಯಿತು. ಮನೆಯನ್ನು ಬಿಟ್ಟು ಕದಲದೆಯೇ ಬಾಲಕನೊಬ್ಬನು ಒಂದು ದೇಶದ ಪ್ರಜೆಯಾಗಿದ್ದವನು ಇನ್ನೊಂದು ದೇಶದ ಪ್ರಜೆಯಾದನು.

ಮನೆತನವು ಶ್ರದ್ಧಾವಂತರಾದ ಯೆಹೂದ್ಯರದು. ಯೆಹೂದ್ಯ ಧರ್ಮದಲ್ಲಿ ಶನಿವಾರವು ವಿಶ್ರಾಂತಿಯ ದಿನ. ಅಂದು ಬರೆಯುವುದು ಸಹ ನಿಷಿದ್ಧ. ಊರಿನ ಶಾಲೆಗಳಾದರೋ ಶನಿವಾರವೂ ನಡೆಯುತ್ತಿದ್ದುವು. ಶಾಲೆಗೂ ಧರ್ಮಕ್ಕೂ ಹೊಂದಿಕೆಯಾಗದಿರಲು, ಮನೆಯವರು ಶಾಲೆಯನ್ನು ಬಿಡಿಸಿ ಮನೆಯಲ್ಲಿಯೇ ಹುಡುಗನಿಗೆ ಪಾಠ ಹೇಳಿದರು. ಹೀಗೆ ಕಲಿತವನಲ್ಲಿ ಒಂದು ಗುಣವು ಬೆಳೆಯುವುದುಂಟು: ಪುಸ್ತಕದಲ್ಲಿದೆಯೆಂಬ ಕಾರಣಕ್ಕಾಗಿಯೇ ಒಂದು ಮಾತನ್ನು ಒಪ್ಪದೆ, ತಾನೇ ಅದನ್ನು ತಿರುವಿ ನೋಡುವ ಗುಣ. ವಾಲ್ಡನು ಜರ್ಮನಿಯ ಹಿಲ್ಬರ್ಟನು ರಚಿಸಿದ ರೇಖಾಗಣಿತದ ತಳಹದಿಯನ್ನು ಕುರಿತ ಪ್ರಸಿದ್ಧ ಗ್ರಂಥವನ್ನು ಸ್ವಂತವಾಗಿ ಓದಿ, ಅದರ ಮೂಲಸೂತ್ರಗಳಲ್ಲಿ ಎಲ್ಲಿ ತಿದ್ದುಪಡಿ ಸಾಧ್ಯವೆಂದು ಆಲೋಚಿಸತೊಡಗಿದ್ದನು.

ಕ್ಲೂಜ್ ವಿಶ್ವವಿದ್ಯಾನಿಲಯದಲ್ಲಿ ಗಣಿತದ ವ್ಯಾಸಂಗ ಮಾಡಿದ ಮೇಲೆ ಆತನು 1927ರಲ್ಲಿ ವಿಯೆನ್ನಾ ನಗರಕ್ಕೆ ಬಂದನು. ಆ ಕಾಲದ ವಿಯೆನ್ನಾ ದರಿದ್ರವಾಗಿತ್ತು. ಆದರೆ ವಿದ್ಯೆಯಲ್ಲಿ ಸಮೃದ್ಧವಾಗಿತ್ತು. ತತ್ತ್ವಶಾಸ್ತ್ರಜ್ಞರು, ತರ್ಕಶಾಸ್ತ್ರಜ್ಞರು, ಅರ್ಥಶಾಸ್ತ್ರಜ್ಞರು ಒಬ್ಬರ ಗೋಷ್ಠಿಯಲ್ಲಿ ಇನ್ನೊಬ್ಬರು ಕುಳಿತು ವಾದಿಸುತ್ತಿದ್ದ ಊರು ಅದು. ಅಲ್ಲಿ ಕಾರ್ಲ್ ಮೆಂಗರ್ ಎಂಬ ತರುಣ ಪ್ರಾಧ್ಯಾಪಕನು ವಾಲ್ಡನಿಗೆ ಗುರುವಾಗಿ ದೊರೆತನು. 1931ರಲ್ಲಿ ವಾಲ್ಡನು ಡಾಕ್ಟರ್ ಪದವಿಯನ್ನು ಪಡೆದನು. ಮೆಂಗರನ ಗೋಷ್ಠಿಯಲ್ಲಿ ಶುದ್ಧ ಗಣಿತವನ್ನು ಕುರಿತ ಅನೇಕ ಪ್ರಬಂಧಗಳನ್ನು ಓದಿದನು.

ಪದವಿಯೇನೋ ಬಂದಿತು, ಉದ್ಯೋಗ ಬರಲಿಲ್ಲ. ಪರದೇಶದವನು, ಮೇಲಾಗಿ ಯೆಹೂದ್ಯ. ಅಂಥವನಿಗೆ ಅಂದಿನ ಆಸ್ಟ್ರಿಯದ ವಿಶ್ವವಿದ್ಯಾನಿಲಯದಲ್ಲಿ ಸ್ಥಾನ ದೊರೆಯುವ ಆಸೆಯೇ ಇರಲಿಲ್ಲ. ಶಿಷ್ಯನ ಹೊಟ್ಟೆಪಾಡನ್ನು ಕಂಡು ಮರುಗಿದ ಮೆಂಗರನು ಕಾರ್ಲ್ ಶ್ಲೆಸಿಂಗರ್ ಎಂಬ ಲೇವಾದೇವಿಗಾರನಿಗೆ ಗಣಿತ ಹೇಳಿಕೊಡುವ ಕೆಲಸವನ್ನು ಒದಗಿಸಿದನು. ಶ್ಲೆಸಿಂಗರನು ಹಣವಂತನಷ್ಟೇ ಅಲ್ಲದೆ ಅರ್ಥಶಾಸ್ತ್ರದ ಚಿಂತಕನೂ ಆಗಿದ್ದನು. ಶಿಷ್ಯನಿಗೆ ಗಣಿತವನ್ನು ಕಲಿಸಹೋದ ಗುರುವು ಶಿಷ್ಯನಿಂದ ಅರ್ಥಶಾಸ್ತ್ರದ ಸಮಸ್ಯೆಗಳನ್ನು ಕಲಿತನು. ಪೇಟೆಯಲ್ಲಿ ನೂರಾರು ಸರಕುಗಳ ಬೆಲೆಗಳು ಒಂದನ್ನೊಂದು ಎಳೆದಾಡುತ್ತಿರುವಾಗ, ಎಲ್ಲವೂ ಏಕಕಾಲದಲ್ಲಿ ಸರಿದೂಗುವಂತಹ ಸ್ಥಿತಿಯೊಂದು ಇದೆಯೆಂದು ಸಾಧಿಸಲು ಸಾಧ್ಯವೇ ಎಂಬ ಪ್ರಶ್ನೆಗೆ, ಕೆಲವು ನಿಬಂಧನೆಗಳೊಡನೆ, ಮೊಟ್ಟಮೊದಲು ಕಟ್ಟುನಿಟ್ಟಾದ ಗಣಿತದ ಸಾಧನೆಯನ್ನು ಕೊಟ್ಟವನು ವಾಲ್ಡ್. ತರುವಾಯ ಆಸ್ಕರ್ ಮಾರ್ಗೆನ್‌ಸ್ಟರ್ನನ ಆರ್ಥಿಕ ಸಂಶೋಧನ ಸಂಸ್ಥೆಯಲ್ಲಿ ಆತನಿಗೆ ಕೆಲಸ ಸಿಕ್ಕಿತು. ಅಂಕಿಅಂಶಗಳ ಲೋಕಕ್ಕೆ ಆತನು ಕಾಲಿಟ್ಟುದು ಹೀಗೆ, ಬಡತನದ ಬಾಗಿಲಿನಿಂದ.

ದೇಶತ್ಯಾಗ

1938ರ ಮಾರ್ಚ್ ತಿಂಗಳಿನಲ್ಲಿ ಹಿಟ್ಲರನ ಸೈನ್ಯವು ಆಸ್ಟ್ರಿಯವನ್ನು ನುಂಗಿತು. ಯೆಹೂದ್ಯರ ಪಾಲಿಗೆ ವಿಯೆನ್ನಾ ಒಂದೇ ರಾತ್ರಿಯಲ್ಲಿ ಬೇರೆಯ ಊರಾಯಿತು. ಅದೃಷ್ಟವಶದಿಂದ ಅಮೆರಿಕದ ಕೌಲ್ಸ್ ಆಯೋಗವೆಂಬ ಅರ್ಥಶಾಸ್ತ್ರದ ಸಂಶೋಧನ ಸಂಸ್ಥೆಯಿಂದ ವಾಲ್ಡನಿಗೆ ಆಹ್ವಾನವು ಬಂದಿತು. ಆ ಬೇಸಗೆಯಲ್ಲಿ ಆತನು ಯೂರೋಪನ್ನು ಬಿಟ್ಟು ಹೊರಟನು. ವರ್ಷ ಕಳೆಯುವ ಮೊದಲೇ ನ್ಯೂಯಾರ್ಕಿನ ಕೊಲಂಬಿಯ ವಿಶ್ವವಿದ್ಯಾನಿಲಯವನ್ನು ಸೇರಿ, ಹೆರಾಲ್ಡ್ ಹೋಟೆಲಿಂಗ್ ಎಂಬ ಹಿರಿಯ ಸಂಖ್ಯಾಶಾಸ್ತ್ರಜ್ಞನ ಆಶ್ರಯದಲ್ಲಿ ಕೆಲಸಕ್ಕೆ ತೊಡಗಿದನು. 1941ರಲ್ಲಿ ಲೂಸಿಲ್ ಲ್ಯಾಂಗ್ ಎಂಬಾಕೆಯನ್ನು ಮದುವೆಯಾದನು.

ತಾನು ಪಾರಾದನು, ತನ್ನವರು ಪಾರಾಗಲಿಲ್ಲ. ಆತನ ತಂದೆತಾಯಿಗಳೂ ಒಡಹುಟ್ಟಿದವರೂ ನಾಜಿಗಳ ಸಂಹಾರಶಿಬಿರದಲ್ಲಿ ಪ್ರಾಣ ನೀಗಿದರು. ಅಷ್ಟು ದೊಡ್ಡ ಕುಟುಂಬದಲ್ಲಿ ಹರ್ಮನ್ ಎಂಬ ಸಹೋದರನೊಬ್ಬನು ಮಾತ್ರ ಬದುಕಿ ಉಳಿದು, ಯುದ್ಧ ಮುಗಿದ ಮೇಲೆ ಅಮೆರಿಕಕ್ಕೆ ಬಂದು ಸೇರಿದನು. ಈ ದುಃಖವನ್ನು ವಾಲ್ಡನು ತನ್ನ ಬರೆಹಗಳಲ್ಲಿ ಎಲ್ಲಿಯೂ ತೋಡಿಕೊಂಡಿಲ್ಲ. ಆತನ ಬರೆಹಗಳೆಲ್ಲ ಸಮೀಕರಣಗಳು. ಆದರೆ ಯುದ್ಧದ ವರ್ಷಗಳಲ್ಲಿ ಆತನು ಮಾಡಿದ ಕೆಲಸವನ್ನು ಓದುವಾಗ ಈ ಹಿನ್ನೆಲೆಯನ್ನು ಮರೆಯುವಂತಿಲ್ಲ.

ಯುದ್ಧಕಾಲದ ಕೊಠಡಿ

ಅಮೆರಿಕವು ಯುದ್ಧಕ್ಕೆ ಇಳಿದ ಮೇಲೆ, 1942ರಲ್ಲಿ, ಕೊಲಂಬಿಯದಲ್ಲಿ ಸಂಖ್ಯಾಶಾಸ್ತ್ರದ ಒಂದು ಸಂಶೋಧನ ಮಂಡಲಿಯು ಏರ್ಪಟ್ಟಿತು. ಆಲೆನ್ ವಾಲಿಸ್ ಎಂಬವನು ಅದರ ನಿರ್ವಾಹಕ. ಸೇನೆಯ ಕಡೆಯಿಂದ ಬರುವ ಪ್ರಶ್ನೆಗಳಿಗೆ ಲೆಕ್ಕ ಹಾಕಿ ಉತ್ತರ ಹೇಳುವುದು ಅದರ ಕೆಲಸ. ಮಿಲ್ಟನ್ ಫ್ರೀಡ್ಮನ್, ಜಾರ್ಜ್ ಸ್ಟಿಗ್ಲರ್, ಲೆನರ್ಡ್ ಸ್ಯಾವೇಜ್, ಜೇಕಬ್ ವುಲ್ಫೋವಿಟ್ಸ್ ಮೊದಲಾದವರು ಅಲ್ಲಿ ಒಂದೇ ಸೂರಿನಡಿ ದುಡಿದರು. ಇವರಲ್ಲಿ ಫ್ರೀಡ್ಮನ್ ಮತ್ತು ಸ್ಟಿಗ್ಲರ್ ಇಬ್ಬರೂ ಮುಂದೆ ಅರ್ಥಶಾಸ್ತ್ರಕ್ಕಾಗಿ ನೊಬೆಲ್ ಪಾರಿತೋಷಕವನ್ನು ಪಡೆದವರು. ಇಂತಹ ಪ್ರತಿಭಾವಂತರ ನಡುವೆಯೂ ಕಠಿಣವಾದ ಸಮಸ್ಯೆಯೊಂದು ಬಂದಾಗ ಎಲ್ಲರ ಕಣ್ಣೂ ವಾಲ್ಡನತ್ತ ತಿರುಗುತ್ತಿತ್ತು.

ಇಲ್ಲಿ ಒಂದು ವಿಚಿತ್ರವುಂಟು. ವಾಲ್ಡನು ಆಗ ಶತ್ರುಪಕ್ಷದ ದೇಶದಿಂದ ಬಂದವನೆಂದು ಎಣಿಸಲ್ಪಟ್ಟಿದ್ದನು. ಗುಟ್ಟಿನ ಕಾಗದಗಳನ್ನು ನೋಡುವ ಅಧಿಕಾರವು ಅಂಥವರಿಗೆ ಸಲೀಸಾಗಿ ದೊರೆಯುತ್ತಿರಲಿಲ್ಲ. ಆತನು ಒಂದೊಂದು ಹಾಳೆಯನ್ನು ಬರೆದು ಮುಗಿಸಿದೊಡನೆಯೇ ಕಾರ್ಯದರ್ಶಿನಿಯರು ಅದನ್ನು ಆತನ ಕೈಯಿಂದ ಕಸಿದುಕೊಳ್ಳುತ್ತಿದ್ದರೆಂದು ಮಂಡಲಿಯಲ್ಲಿ ಒಂದು ನಗೆಮಾತು ಹುಟ್ಟಿಕೊಂಡಿತ್ತು. ತಾನು ಬರೆದುದನ್ನು ತಾನೇ ಓದುವ ಹಕ್ಕು ಆತನಿಗಿಲ್ಲವೆಂಬುದು ಅದರ ತಾತ್ಪರ್ಯ.

1943ರ ವಸಂತದಲ್ಲಿ ಬಂದ ಒಂದು ಪ್ರಶ್ನೆಯು ಆತನ ಕೀರ್ತಿಗೆ ಮುಖ್ಯ ಕಾರಣವಾಯಿತು. ಮದ್ದುಗುಂಡುಗಳ ಗುಣವನ್ನು ಪರೀಕ್ಷಿಸಲು ಇಂತಿಷ್ಟು ಸಾವಿರ ಗುಂಡುಗಳನ್ನು ಹಾರಿಸಿ ನೋಡಬೇಕೆಂದು ಮೊದಲೇ ಗೊತ್ತುಮಾಡುವುದು ವಾಡಿಕೆ. ಆದರೆ ಅನುಭವಿಯಾದ ಅಧಿಕಾರಿಯು ಮೊದಲ ಕೆಲವು ನೂರು ಗುಂಡುಗಳನ್ನು ನೋಡಿಯೇ ಇದು ಒಳ್ಳೆಯದೋ ಕೆಟ್ಟದ್ದೋ ಎಂದು ತಿಳಿಯಬಲ್ಲನು, ಉಳಿದುವೆಲ್ಲ ವ್ಯರ್ಥವಾಗುತ್ತವೆ. ಈ ಜಾಣ್ಮೆಯನ್ನು ಗಣಿತದ ನಿಯಮವಾಗಿ ಮಾಡಬಹುದೇ ಎಂದು ವಾಲಿಸನೂ ಫ್ರೀಡ್ಮನನೂ ಕೇಳಿದರು. ವಾಲ್ಡನು ಮೊದಲು ಸಂದೇಹಪಟ್ಟನು. ಎರಡು ದಿನಗಳಲ್ಲಿ ಸಾಧ್ಯವೆಂದು ಹೇಳಿ ಕಳುಹಿಸಿದನು. ಒಂದೊಂದು ಫಲಿತಾಂಶ ಬಂದಂತೆಲ್ಲ ತಕ್ಕಡಿಯನ್ನು ನೋಡುತ್ತ ಹೋಗಿ, ಅದು ಸಾಕಷ್ಟು ಒಂದು ಕಡೆಗೆ ವಾಲಿದೊಡನೆ ಪರೀಕ್ಷೆಯನ್ನು ನಿಲ್ಲಿಸುವ ಈ ಕ್ರಮದಿಂದ ಪರೀಕ್ಷೆಗಳ ಸಂಖ್ಯೆಯು ಎಷ್ಟೋ ವೇಳೆ ಅರ್ಧಕ್ಕೆ ಇಳಿಯಿತು. ಯುದ್ಧ ಮುಗಿಯುವವರೆಗೂ ಇದನ್ನು ಗುಟ್ಟಾಗಿ ಇರಿಸಿದ್ದರು; 1947ರಲ್ಲಿ ವಾಲ್ಡನು ಇದನ್ನು ಪುಸ್ತಕವಾಗಿ ಪ್ರಕಟಿಸಿದನು.

ಗಾಯಗೊಂಡ ವಿಮಾನಗಳು

ಅದೇ ವರ್ಷ ಆತನ ಕೈಗೆ ಬಂದ ಇನ್ನೊಂದು ಪ್ರಶ್ನೆಯೇ ವಿಮಾನಗಳದು. ಆ ಕಾಲದ ಆಕಾಶಯುದ್ಧದ ಭೀಕರತೆಯನ್ನು ಒಂದು ನಿದರ್ಶನದಿಂದ ತಿಳಿಯಬಹುದು. 1943ನೆಯ ಅಕ್ಟೋಬರ್ 14ರಂದು ಅಮೆರಿಕದ 291 ಭಾರಿ ಬಾಂಬರುಗಳು ಜರ್ಮನಿಯ ಶ್ವೈನ್‌ಫುರ್ಟ್ ಪಟ್ಟಣದ ಮೇಲೆ ದಾಳಿಗೆ ಹೊರಟುವು, 60 ನಾಶವಾದುವು. ಒಂದೇ ದಿನದಲ್ಲಿ ಐದಕ್ಕೆ ಒಂದು. ಒಂದೊಂದರಲ್ಲಿಯೂ ಹತ್ತು ಮಂದಿ.

ಹಾಗಾದರೆ ವಿಮಾನಕ್ಕೆ ದಪ್ಪನಾದ ಉಕ್ಕಿನ ಕವಚವನ್ನು ಏಕೆ ತೊಡಿಸಬಾರದು ಎಂದು ಕೇಳಬಹುದು. ಕವಚವೆಂದರೆ ಭಾರ. ಭಾರ ಹೆಚ್ಚಿದರೆ ವೇಗವು ಕುಗ್ಗುತ್ತದೆ, ಏರುವ ಎತ್ತರವು ಕುಗ್ಗುತ್ತದೆ, ಒಯ್ಯುವ ಇಂಧನವೂ ಬಾಂಬುಗಳೂ ಕಡಿಮೆಯಾಗುತ್ತವೆ. ಎಲ್ಲೆಲ್ಲಿಯೂ ಕವಚ ತೊಟ್ಟ ವಿಮಾನವು ನೆಲವನ್ನೇ ಬಿಟ್ಟು ಏಳಲಾರದು. ಆದುದರಿಂದ ಕವಚವನ್ನು ಕೆಲವೇ ಕಡೆ ಹಾಕಬೇಕು. ಆ ಕೆಲವು ಕಡೆ ಯಾವುವು ಎಂಬುದೇ ಪ್ರಶ್ನೆ.

ವಿಮಾನವೆಂಬುದು ಒಂದು ವಿಧದಲ್ಲಿ ಪ್ರಾಣಿಯ ದೇಹವಿದ್ದಂತೆ. ತೊಗಲಿಗೆ ನೂರು ಗಾಯವಾದರೂ ಬದುಕಬಹುದು. ಹೃದಯಕ್ಕೆ ಒಂದು ಗಾಯವಾದರೆ ಬದುಕಿಲ್ಲ. ಬಾಂಬರಿನ ಒಡಲು ಲೋಹದ ತೆಳುವಾದ ಹಾಳೆಗಳನ್ನು ಅನೇಕ ಚೌಕಟ್ಟುಗಳ ಮೇಲೆ ಬಿಗಿದು ಮಾಡಿದುದು. ಒಂದು ಕಡೆ ತೂತು ಬಿದ್ದರೆ ಆ ಎಡೆಯ ಹೊರೆಯನ್ನು ಸುತ್ತಲಿನ ಭಾಗಗಳು ಹಂಚಿಕೊಳ್ಳುತ್ತವೆ. ಗುಂಡು ಒಂದು ಮಗ್ಗುಲಿನಿಂದ ಹೊಕ್ಕು ಇನ್ನೊಂದು ಮಗ್ಗುಲಿನಿಂದ ಹೊರಟುಹೋದರೆ ಹಾರಾಟಕ್ಕೆ ಭಂಗವಿಲ್ಲ. ಎಂಜಿನಿನ ಮಾತು ಹಾಗಲ್ಲ. ಎಣ್ಣೆಯ ಕೊಳವೆ ಒಡೆದರೆ, ಇಂಧನಕ್ಕೆ ಬೆಂಕಿ ತಗುಲಿದರೆ, ಕ್ಷಣದಲ್ಲಿ ಸರ್ವನಾಶ. ಇಂಧನದ ತೊಟ್ಟಿಗಳ ಒಳಮೈಗೆ ವಿಶೇಷವಾದ ರಬ್ಬರಿನ ಪದರವನ್ನು ಹಾಕುವ ಉಪಾಯವು ಅಷ್ಟು ಹೊತ್ತಿಗೆ ರೂಢಿಗೆ ಬಂದಿತ್ತು. ಗುಂಡು ತೂರಿಹೋದೊಡನೆ ಪೆಟ್ರೋಲು ತಾಗಿ ರಬ್ಬರು ಉಬ್ಬಿ, ತೂತು ತಾನಾಗಿಯೇ ಮುಚ್ಚಿಕೊಳ್ಳುವ ಏರ್ಪಾಡು ಅದು.

ಎಂತಹ ಗಾಯವನ್ನೂ ವಿಮಾನವು ತಾಳಬಹುದೆಂಬುದಕ್ಕೆ 1943ನೆಯ ಫೆಬ್ರುವರಿ 1ರಂದು ಉತ್ತರ ಆಫ್ರಿಕದಲ್ಲಿ ನಡೆದ ಘಟನೆಯೇ ಸಾಕ್ಷಿ. ಟ್ಯುನೀಸಿಯದ ಮೇಲಣ ದಾಳಿಯಲ್ಲಿ ಜರ್ಮನ್ ಕಾದಾಟದ ವಿಮಾನವೊಂದು ಅಮೆರಿಕದ ಬಿ-17 ಬಾಂಬರಿನ ಹಿಂಭಾಗಕ್ಕೆ ನೇರವಾಗಿ ಬಡಿಯಿತು. ಬಾಲದ ಎಡಗಡೆಯ ರೆಕ್ಕೆ ಹರಿದುಹೋಯಿತು. ಒಡಲು ಬಹುಮಟ್ಟಿಗೆ ಸೀಳಿ, ಬಾಲವು ಅಲ್ಪಸ್ವಲ್ಪ ಲೋಹದ ಆಧಾರದಿಂದ ತೂಗಾಡುತ್ತಿತ್ತು. ಆ ಸ್ಥಿತಿಯಲ್ಲಿಯೂ ಚಾಲಕನು ಅದನ್ನು ಅಲ್ಜೀರಿಯದ ಬಿಸ್ಕ್ರಾ ನಿಲ್ದಾಣಕ್ಕೆ ತಂದು ಇಳಿಸಿದನು. ಹತ್ತು ಮಂದಿಗೂ ಪ್ರಾಣಾಪಾಯವಾಗಲಿಲ್ಲ. ನೋಡಿದವರೆಲ್ಲ ಬೆರಗಾದ ಗಾಯವು ಅದು. ಆದರೆ ಕೊಲ್ಲುವ ಗಾಯವಲ್ಲ. ಕಣ್ಣಿಗೆ ಭಯಂಕರವಾಗಿ ತೋರುವುದೂ ಪ್ರಾಣಕ್ಕೆ ಭಯಂಕರವಾದುದೂ ಒಂದೇ ಅಲ್ಲವೆಂಬುದನ್ನು ಇದರಿಂದ ಕಾಣಬಹುದು.

ಇಪ್ಪತ್ತು ವಿಮಾನಗಳ ಕಥೆ

ಮರಳಿ ಬಂದ ವಿಮಾನಗಳ ಗಾಯಗಳನ್ನೆಲ್ಲ ಒಂದು ನಕ್ಷೆಯ ಮೇಲೆ ಗುರುತಿಸಿದರೆ ಒಡಲಿನಲ್ಲಿ ಹೆಚ್ಚು ಗುರುತುಗಳೂ ಎಂಜಿನುಗಳಲ್ಲಿ ಕಡಮೆ ಗುರುತುಗಳೂ ಕಂಡುಬರಬಹುದು. ಅವಸರದ ಬುದ್ಧಿಯು ಹೆಚ್ಚು ಗುರುತು ಕಂಡಲ್ಲಿಗೆ ಕವಚವನ್ನು ಹಾಕಲು ಹೇಳುತ್ತದೆ. ಹಾಗೆ ಹೇಳುವುದು ತಪ್ಪು. ಹಾರುತ್ತಿರುವ ಗುಂಡಿಗೆ ಎಂಜಿನಿನ ಮೇಲೆ ದಯೆಯಿಲ್ಲ. ಎಂಜಿನುಗಳಿಗೂ ಅವುಗಳ ವಿಸ್ತಾರಕ್ಕೆ ತಕ್ಕಷ್ಟು ಗುಂಡುಗಳು ತಗುಲಿಯೇ ಇರಬೇಕು. ಅವು ನಕ್ಷೆಯಲ್ಲಿ ಕಾಣದಿದ್ದರೆ, ಅಲ್ಲಿ ಹೊಡೆತ ತಿಂದ ವಿಮಾನಗಳು ಮರಳಿ ಬರಲಿಲ್ಲವೆಂದೇ ಅರ್ಥ. ಹಳೆಯ ಓಲೆಗರಿಗಳ ವಿಷಯವನ್ನು ಬಲ್ಲ ಸಾಹಿತ್ಯದ ವಿದ್ಯಾರ್ಥಿಗೆ ಇದು ಸುಲಭವಾಗಿ ಮನದಟ್ಟಾಗುವ ಮಾತು: ಹುಳು ತಿಂದು ಉಳಿದ ಗ್ರಂಥಗಳೇ ಬರೆದ ಗ್ರಂಥಗಳೆಲ್ಲವೂ ಅಲ್ಲ.

ಇಷ್ಟನ್ನು ಮಾತ್ರ ಹೇಳಿದ್ದರೆ ವಾಲ್ಡನು ಚತುರನೆನಿಸಿಕೊಳ್ಳುತ್ತಿದ್ದನು, ಗಣಿತಜ್ಞನೆನಿಸಿಕೊಳ್ಳುತ್ತಿರಲಿಲ್ಲ. ಆತನು ಎಂಟು ಟಿಪ್ಪಣಿಗಳನ್ನು ಬರೆದು ಈ ವಿಚಾರವನ್ನು ಲೆಕ್ಕಕ್ಕೆ ತಂದನು. ಆತನೇ ಕೊಟ್ಟಿರುವ ಒಂದು ಕಾಲ್ಪನಿಕ ಉದಾಹರಣೆಯನ್ನು ನೋಡೋಣ. ದಾಳಿಗೆ 400 ವಿಮಾನಗಳು ಹೋದುವು. 380 ಮರಳಿ ಬಂದುವು. ಬಂದವುಗಳಲ್ಲಿ 320ಕ್ಕೆ ಹೊಡೆತವೇ ಬಿದ್ದಿಲ್ಲ. 32ಕ್ಕೆ ಒಂದೊಂದು ಹೊಡೆತ, 20ಕ್ಕೆ ಎರಡೆರಡು, 4ಕ್ಕೆ ಮೂರು ಮೂರು, 2ಕ್ಕೆ ನಾಲ್ಕು ನಾಲ್ಕು, 2ಕ್ಕೆ ಐದೈದು. ಉಳಿದ 20 ವಿಮಾನಗಳು ಹೇಗೆ ಬಿದ್ದುವು? ಅವುಗಳ ವಿಷಯದಲ್ಲಿ ನಮಗೆ ತಿಳಿದಿರುವುದು ಅವು ಬರಲಿಲ್ಲವೆಂಬುದೊಂದೇ.

ಹೊಡೆತವಿಲ್ಲದೆ ಯಾವ ವಿಮಾನವೂ ಬೀಳಲಿಲ್ಲವೆಂದೂ, ಪ್ರತಿಯೊಂದು ಹೊಡೆತದ ಅಪಾಯವೂ ಸಮಾನವೆಂದೂ, ಐದಕ್ಕಿಂತ ಹೆಚ್ಚು ಹೊಡೆತ ಯಾವುದಕ್ಕೂ ಬೀಳಲಿಲ್ಲವೆಂದೂ ಸದ್ಯಕ್ಕೆ ಇಟ್ಟುಕೊಳ್ಳೋಣ. ಆಗ ಎಲ್ಲ ಅಂಕಿಗಳಿಗೂ ಹೊಂದುವ ಉತ್ತರವು ಒಂದೇ ಒಂದು: ಒಂದು ಹೊಡೆತವನ್ನು ತಾಳಿಕೊಳ್ಳುವ ಸಂಭವವು ನೂರಕ್ಕೆ ಸುಮಾರು 85. ಇದನ್ನು ತಾಳೆ ನೋಡುವುದು ಕಷ್ಟವಲ್ಲ. ಹೊಡೆತ ತಿಂದ ವಿಮಾನಗಳು ಒಟ್ಟು 80. ಮೊದಲನೆಯ ಹೊಡೆತಕ್ಕೆ ಅವುಗಳಲ್ಲಿ ಸುಮಾರು 12 ಬಿದ್ದು 68 ಉಳಿದುವು. ಆ 68ರಲ್ಲಿ 32 ಒಂದೇ ಹೊಡೆತದೊಡನೆ ಮನೆಗೆ ಬಂದುವು. ಮಿಕ್ಕ 36ಕ್ಕೆ ಎರಡನೆಯ ಹೊಡೆತ ಬಿತ್ತು. ಅದಕ್ಕೆ ಸುಮಾರು 5 ಬಿದ್ದುವು. ಹೀಗೆಯೇ ಮುಂದುವರಿದರೆ ಮೂರನೆಯ ಹೊಡೆತಕ್ಕೆ ಸುಮಾರು 2, ನಾಲ್ಕನೆಯದೂ ಐದನೆಯದೂ ಸೇರಿ ಸುಮಾರು 1. ಒಟ್ಟು 20. ಯಾವ ವರದಿಯೂ ಇಲ್ಲದೆ ಕಣ್ಮರೆಯಾದ ಇಪ್ಪತ್ತು ವಿಮಾನಗಳು ಈ ಲೆಕ್ಕದಲ್ಲಿ ಒಂದೊಂದಾಗಿ ಬಂದು ತಮ್ಮ ತಮ್ಮ ಸ್ಥಾನದಲ್ಲಿ ನಿಲ್ಲುತ್ತವೆ.

ಇದರ ಮುಂದಿನ ಹೆಜ್ಜೆ ವಿಮಾನದ ಭಾಗಗಳದು. ವಿಸ್ತಾರವನ್ನು ಅಳೆದು ನೋಡಿದಾಗ ನೂರು ಗುಂಡುಗಳಲ್ಲಿ 25 ಎಂಜಿನುಗಳಿಗೆ ತಗುಲಬೇಕಾಗಿತ್ತೆಂದು ಇಟ್ಟುಕೊಳ್ಳೋಣ. ಆದರೆ ಬಂದ ವಿಮಾನಗಳಲ್ಲಿ ನೂರು ಗಾಯಗಳಿಗೆ 18 ಮಾತ್ರ ಎಂಜಿನಿನಲ್ಲಿ ಕಂಡುವು. ಈ ಕೊರತೆಯೇ ಸಾಕ್ಷ್ಯ. ಒಟ್ಟಿನ 85ನ್ನು 18ರಿಂದ ಗುಣಿಸಿ 25ರಿಂದ ಭಾಗಿಸಿದರೆ ಸುಮಾರು 61 ಬರುತ್ತದೆ. ಎಂದರೆ ಎಂಜಿನಿಗೆ ಬಿದ್ದ ನೂರು ಹೊಡೆತಗಳಲ್ಲಿ 39 ಮಾರಕವಾದುವು. ಅದೇ ರೀತಿ, ಒಡಲಿಗೆ 35 ತಗುಲಬೇಕಾದಲ್ಲಿ 39 ಕಂಡುಬಂದರೆ, ಒಡಲಿನ ನೂರು ಹೊಡೆತಗಳಲ್ಲಿ ಮಾರಕವಾದುವು 5 ಮಾತ್ರ. ಈ ಎರಡು ಅಂಕಿಗಳನ್ನು ಪಕ್ಕಪಕ್ಕದಲ್ಲಿ ಇಟ್ಟರೆ ಕವಚವನ್ನು ಎಲ್ಲಿ ಹಾಕಬೇಕೆಂದು ಯಾರೂ ಕೇಳಬೇಕಾಗಿಲ್ಲ.

ವಾಲ್ಡನು ಇಲ್ಲಿಗೂ ನಿಲ್ಲಲಿಲ್ಲ. ಎಲ್ಲ ಹೊಡೆತಗಳ ಅಪಾಯವೂ ಸಮಾನವೆಂಬುದು ಅನುಕೂಲಕ್ಕಾಗಿ ಮಾಡಿಕೊಂಡ ಊಹೆ. ಮೊದಲೇ ಗಾಯಗೊಂಡ ವಿಮಾನಕ್ಕೆ ಮುಂದಿನ ಗಾಯವು ಹೆಚ್ಚು ಅಪಾಯಕರವಾಗಬಹುದಲ್ಲವೇ? ಆಗ ಉತ್ತರವು ಒಂದೇ ಅಂಕಿಯಾಗಿರದೆ ಇಷ್ಟಕ್ಕಿಂತ ಕಡಮೆಯಿಲ್ಲ, ಇಷ್ಟಕ್ಕಿಂತ ಹೆಚ್ಚಿಲ್ಲ ಎಂಬ ಎರಡು ಎಲ್ಲೆಗಳ ನಡುವೆ ನಿಲ್ಲುತ್ತದೆ. ಆ ಎಲ್ಲೆಗಳನ್ನು ಕಂಡುಹಿಡಿಯುವ ಕ್ರಮವನ್ನೂ ಆತನು ತೋರಿಸಿದನು. ಬಗೆಬಗೆಯ ಗುಂಡುಗಳಿಗೆ ಬೇರೆ ಬೇರೆ ಲೆಕ್ಕವನ್ನು ಮಾಡಿದನು. ತನಗೆ ಗೊತ್ತಿರುವುದೆಷ್ಟು, ಊಹಿಸಿದುದೆಷ್ಟು, ಊಹೆಯು ತಪ್ಪಾದರೆ ಉತ್ತರವು ಎಷ್ಟು ಕದಲುತ್ತದೆ ಎಂಬ ಮೂರನ್ನೂ ಬೇರೆ ಬೇರೆಯಾಗಿ ಹೇಳುವ ಪ್ರಾಮಾಣಿಕತೆಯೇ ಈ ಟಿಪ್ಪಣಿಗಳ ಜೀವಾಳ.

ಕಥೆಯೂ ಕಾಗದವೂ

ಇಂದು ಈ ಪ್ರಸಂಗವು ಒಂದು ಸೊಗಸಾದ ಕಥೆಯಾಗಿ ಪ್ರಪಂಚದಲ್ಲೆಲ್ಲ ಹಬ್ಬಿದೆ. ಸೇನಾಪತಿಗಳು ಸಭೆ ಸೇರಿ ತೂತುಗಳಿರುವಲ್ಲಿ ಕವಚ ಹಾಕಲು ಹೊರಟರಂತೆ. ವಾಲ್ಡನು ಎದ್ದು ನಿಂತು ತೂತುಗಳಿಲ್ಲದಲ್ಲಿ ಹಾಕಿರೆಂದನಂತೆ. ಎಲ್ಲರೂ ಮೂಗಿನ ಮೇಲೆ ಬೆರಳಿಟ್ಟರಂತೆ. ಕೆಂಪು ಚುಕ್ಕಿಗಳನ್ನು ತುಂಬಿದ ವಿಮಾನದ ಚಿತ್ರವೊಂದು ಈ ಕಥೆಯ ಜೊತೆಗೆ ತಿರುಗಾಡುತ್ತದೆ. ಆ ಚಿತ್ರವು ವಾಲ್ಡನದಲ್ಲ; ಬಹುಕಾಲದ ಮೇಲೆ ಬೇರೆಯವರು ವಿವರಣೆಗಾಗಿ ಬರೆದುದು. ಸೇನಾಪತಿಗಳ ಸಂಭಾಷಣೆಯೂ ಆ ಎಂಟು ಟಿಪ್ಪಣಿಗಳಲ್ಲಿ ಇಲ್ಲ. ಟಿಪ್ಪಣಿಗಳು ಬಹುಕಾಲ ಸೇನೆಯ ಕಡತಗಳಲ್ಲಿಯೇ ಉಳಿದಿದ್ದುವು. ಅಮೆರಿಕದ ನೌಕಾದಳದ ಸಂಶೋಧನ ಕೇಂದ್ರವು 1980ರಲ್ಲಿ ಅವುಗಳನ್ನು ಮತ್ತೆ ಮುದ್ರಿಸಿತು. 1984ರಲ್ಲಿ ಮ್ಯಾಂಗೆಲ್ ಮತ್ತು ಸಮಾನಿಯೆಗೊ ಎಂಬ ಇಬ್ಬರು ವಿದ್ವಾಂಸರು ಅವುಗಳ ಮಹತ್ತ್ವವನ್ನು ವಿವರಿಸಿ ಬರೆದರು. ಅಷ್ಟು ಹೊತ್ತಿಗೆ ಕೊರಿಯ ಮತ್ತು ವಿಯಟ್ನಾಂ ಯುದ್ಧಗಳಲ್ಲಿ ವಾಲ್ಡನ ಕ್ರಮವು ಬಳಕೆಯಾಗಿತ್ತು.

ಕಥೆಯು ಸುಳ್ಳೆಂದು ಹೇಳಿದರೆ ವಾಲ್ಡನ ಹಿರಿಮೆ ಕುಂದುವುದಿಲ್ಲ, ಬದಲಾಗಿ ಹೆಚ್ಚುತ್ತದೆ. ಕಥೆಯಲ್ಲಿ ಆತನು ಒಂದು ಮಾತಿನಿಂದ ಗೆಲ್ಲುತ್ತಾನೆ. ಕಾಗದದಲ್ಲಿ ಆತನು ಹಾಳೆ ಹಾಳೆಯಾಗಿ ದುಡಿಯುತ್ತಾನೆ. ಮರಳಿ ಬಾರದವರನ್ನು ನೆನೆಯಬೇಕೆಂದು ಹೇಳುವುದು ಸುಲಭ; ಅವರನ್ನು ಎಣಿಸುವುದು ಕಷ್ಟ. ಎಷ್ಟು ಭಾರದ ಕವಚ, ಯಾವ ಭಾಗಕ್ಕೆ, ಯಾವ ಗುಂಡಿನ ಎದುರಿಗೆ ಎಂದು ತೀರ್ಮಾನಿಸಬೇಕಾದ ಎಂಜಿನಿಯರನಿಗೆ ನಾಣ್ಣುಡಿಯಿಂದ ಪ್ರಯೋಜನವಿಲ್ಲ, ಅಂಕಿ ಬೇಕು.

ಕೊನೆಯ ಪಯಣ

ಯುದ್ಧಾನಂತರದ ವರ್ಷಗಳು ವಾಲ್ಡನ ಬಾಳಿನ ಸುಗ್ಗಿ. 1946ರಲ್ಲಿ ಕೊಲಂಬಿಯದಲ್ಲಿ ಗಣಿತೀಯ ಸಂಖ್ಯಾಶಾಸ್ತ್ರಕ್ಕೆಂದು ಪ್ರತ್ಯೇಕವಾದ ವಿಭಾಗವು ಸ್ಥಾಪಿತವಾಗಲು ಆತನೇ ಅದರ ಮುಖ್ಯಸ್ಥನಾದನು. 1948ರಲ್ಲಿ ಅಮೆರಿಕದ ಗಣಿತೀಯ ಸಂಖ್ಯಾಶಾಸ್ತ್ರ ಸಂಸ್ಥೆಯ ಅಧ್ಯಕ್ಷನಾದನು. ಅಧ್ಯಾಪಕನಾಗಿಯೂ ಆತನಿಗೆ ದೊಡ್ಡ ಹೆಸರಿತ್ತು. ಆತನ ಪಾಠಗಳ ಟಿಪ್ಪಣಿಗಳು ವಿದ್ಯಾರ್ಥಿಗಳ ಕೈಯಿಂದ ಕೈಗೆ ದಾಟಿ ಹೋಗುತ್ತಿದ್ದುವು. ಪೂರ್ಣವಾದ ತಿಳಿವಳಿಕೆಯಿಲ್ಲದೆ ತೀರ್ಮಾನ ಮಾಡಬೇಕಾದಾಗ, ತಪ್ಪಾದರೆ ಆಗುವ ನಷ್ಟವನ್ನು ತೂಗಿ ನೋಡಿ ನಡೆಯುವ ಬಗೆ ಯಾವುದೆಂಬುದನ್ನು ಕುರಿತ ಆತನ ಮಹಾಗ್ರಂಥವು 1950ರಲ್ಲಿ ಹೊರಬಿದ್ದಿತು.

ಅದೇ ವರ್ಷದ ಕೊನೆಯಲ್ಲಿ ಭಾರತ ಸರ್ಕಾರದ ಆಹ್ವಾನದ ಮೇರೆಗೆ ವಾಲ್ಡನು ಪತ್ನಿಸಮೇತನಾಗಿ ಉಪನ್ಯಾಸ ಪ್ರವಾಸಕ್ಕೆ ಬಂದನು. ಸ್ವತಂತ್ರ ಭಾರತವು ಆಗ ತನ್ನ ಪಂಚವಾರ್ಷಿಕ ಯೋಜನೆಗಳಿಗೆ ಅಣಿಯಾಗುತ್ತಿತ್ತು. ಪ್ರೊಫೆಸರ್ ಮಹಲನೋಬಿಸರ ನೇತೃತ್ವದಲ್ಲಿ ಸಂಖ್ಯಾಶಾಸ್ತ್ರವು ನಮ್ಮಲ್ಲಿ ಗಟ್ಟಿಯಾಗಿ ಬೇರೂರಿತ್ತು. 1950ನೆಯ ಡಿಸೆಂಬರ್ 13ರಂದು ದಂಪತಿಗಳು ದಕ್ಷಿಣ ಭಾರತದಲ್ಲಿ ಪ್ರಯಾಣ ಮಾಡುತ್ತಿದ್ದ ವಿಮಾನವು ನೀಲಗಿರಿಯ ಬೆಟ್ಟಕ್ಕೆ ಬಡಿದು ನಾಶವಾಯಿತು. ಅದರಲ್ಲಿದ್ದವರು ಯಾರೂ ಉಳಿಯಲಿಲ್ಲ. ಅಮೆರಿಕದಲ್ಲಿ ಇಬ್ಬರು ಎಳೆಯ ಮಕ್ಕಳು ತಬ್ಬಲಿಗಳಾದರು. ಆಗ ಮೂರು ವರ್ಷದವನಾಗಿದ್ದ ಮಗ ರಾಬರ್ಟನು ಬೆಳೆದು ಭೌತವಿಜ್ಞಾನಿಯಾಗಿ, ಗುರುತ್ವಾಕರ್ಷಣೆಯ ಶಾಸ್ತ್ರದಲ್ಲಿ ದೊಡ್ಡ ಹೆಸರನ್ನು ಗಳಿಸಿದನು.

ಗುಂಡಿನ ಏಟನ್ನು ತಾಳುವ ಬಗೆಯನ್ನು ಲೆಕ್ಕ ಹಾಕಿದವನನ್ನು ಬಲಿತೆಗೆದುಕೊಂಡುದು ಗುಂಡಲ್ಲ, ಬೆಟ್ಟ. ಬೆಟ್ಟಕ್ಕೆ ಬಡಿದ ವಿಮಾನಕ್ಕೆ ಯಾವ ಕವಚವೂ ರಕ್ಷಣೆಯಲ್ಲ. ಅಂದಿನ ವಿಮಾನಗಳಲ್ಲಿ, ಬಿದ್ದ ಮೇಲೆ ತಮ್ಮ ಕಥೆಯನ್ನು ತಾವೇ ಹೇಳಬಲ್ಲ ಸಾಧನವೂ ಇರಲಿಲ್ಲ. 1953 ಮತ್ತು 1954ರಲ್ಲಿ ಕಾಮೆಟ್ ಎಂಬ ಜೆಟ್ ವಿಮಾನಗಳು ಆಕಾಶದಲ್ಲಿಯೇ ಒಡೆದು ಬಿದ್ದ ಮೇಲೆ, ಆಸ್ಟ್ರೇಲಿಯದ ಡೇವಿಡ್ ವಾರೆನ್ ಎಂಬ ವಿಜ್ಞಾನಿಯು ಚಾಲಕರ ಮಾತುಗಳನ್ನೂ ಯಂತ್ರಗಳ ಸ್ಥಿತಿಯನ್ನೂ ಬರೆದಿಟ್ಟುಕೊಂಡು, ಅಪಘಾತದಲ್ಲಿಯೂ ನಾಶವಾಗದೆ ಉಳಿಯುವ ಪೆಟ್ಟಿಗೆಯೊಂದನ್ನು ರಚಿಸಲು ಹೊರಟನು. ಇಂದು ಕಪ್ಪು ಪೆಟ್ಟಿಗೆಯೆಂದು ಹೆಸರಾಗಿ, ಸುಲಭವಾಗಿ ಕಾಣಲೆಂದು ಕಿತ್ತಳೆಯ ಬಣ್ಣವನ್ನು ಬಳಿದುಕೊಂಡಿರುವ ಪೆಟ್ಟಿಗೆ ಅದೇ. 1974ರಲ್ಲಿ ಅಮೆರಿಕದಲ್ಲಿ ವಿಮಾನವೊಂದು ವಾಲ್ಡನ ವಿಮಾನದಂತೆಯೇ ಬೆಟ್ಟಕ್ಕೆ ಬಡಿದ ತರುವಾಯ, ನೆಲವು ಸಮೀಪಿಸಿದೊಡನೆ ಚಾಲಕನನ್ನು ಕೂಗಿ ಎಚ್ಚರಿಸುವ ಯಂತ್ರವನ್ನು ಪ್ರಯಾಣಿಕರ ದೊಡ್ಡ ವಿಮಾನಗಳಲ್ಲಿ ಇಡಲೇಬೇಕೆಂಬ ನಿಯಮವು ಆ ದೇಶದಲ್ಲಿ ಬಂದಿತು.

ಇವೆರಡರ ಹಿಂದೆಯೂ ಇರುವ ವಿವೇಕವು ಒಂದೇ. ಸುಖವಾಗಿ ಇಳಿದ ವಿಮಾನಗಳನ್ನು ಎಷ್ಟು ಪರೀಕ್ಷಿಸಿದರೂ ಸಾಲದು. ಇಳಿಯದೆ ಹೋದುದರ ಮಾತನ್ನು ಹೇಗಾದರೂ ಮಾಡಿ ಕೇಳಬೇಕು. ಪೆಟ್ಟಿಗೆಯಿರುವಲ್ಲಿ ಅದು ಹೇಳುತ್ತದೆ. ಪೆಟ್ಟಿಗೆಯಿಲ್ಲದ ಕಾಲದಲ್ಲಿ, ಶತ್ರುವಿನ ನೆಲದಲ್ಲಿ ಬಿದ್ದ ವಿಮಾನಗಳ ಮಾತನ್ನು ಬರಿಯ ಲೆಕ್ಕದಿಂದ ಹೇಳಿಸಿದವನು ವಾಲ್ಡ್. ನೀಲಗಿರಿಯ ತಪ್ಪಲಿನಿಂದ ಆ ಬೆಟ್ಟಸಾಲನ್ನು ದಿನವೂ ನೋಡುವ ನಮ್ಮ ಜನ, ಅಂತಹ ವಿದ್ವಾಂಸನೊಬ್ಬನ ಕೊನೆಯ ನೆಲ ಅದೆಂಬುದನ್ನು ಒಮ್ಮೆಯಾದರೂ ನೆನೆಯುವುದು ಉಚಿತ.